ಭಾವನ ಮುಂದಿನ ಹಲ್ಲು, ನನ್ನ ಡ್ರಮ್ಮು

ನಾನು ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಡಿಯುವವನು. ನನ್ನ ಬಾಯಲ್ಲಿ ಮೂವತ್ತೆರಡು ಹಲ್ಲಿದ್ದರೂ ಒಂದೇ, ಒಂದೂ ಇಲ್ಲದಿದ್ದರೂ ಒಂದೇ. ತೋಳಲ್ಲಿ ಶಕ್ತಿ ಇದ್ದರೆ ಸಾಕು. ಅದಕ್ಕೇ ಇರಬೇಕು, ನಮ್ಮ ಭಾವನ ಹಲ್ಲಿನ ವಿಚಾರದಲ್ಲಿ ನಾನು ಅಷ್ಟೊಂದು ಕೆಟ್ಟ ಸಲಹೆ ಕೊಟ್ಟೆ. ಅವರೇನಾದರೂ ಅದನ್ನು ಕೇಳಿಬಿಟ್ಟಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತದೆ. ತಪ್ಪು ಮಾತಾಡಿದವನೇ ಸರಿ ಮಾತನ್ನೂ ಹೇಳಬೇಕು ಅಂತ ಅಕ್ಕ ಹಟ ಹಿಡಿದಿದ್ದಾಳೆ. ಹೇಳುತ್ತಿದ್ದೇನೆ, ಕೇಳಿ.

ಭಾವ ಅಂದರೆ ಅಕ್ಕನ ಗಂಡ. ಕ್ಲಾರಿನೆಟ್ ನುಡಿಸುತ್ತಾರೆ. ಪ್ರತಿ ಭಾನುವಾರ ಸಂಜೆ ಪಾರ್ಕಿನ ಮಂಟಪದಲ್ಲಿ ನಾವು ಹನ್ನೆರಡು ಜನ ಕೂತು ಬ್ಯಾಂಡ್ ಬಾರಿಸುತ್ತೇವೆ. ಆದರೆ ಸುಳ್ಳು ಯಾಕೆ ಹೇಳಲಿ, ಜನ ಬೆಂಚು ಹಿಡಿದು ಕೂರುವುದು ಉಳಿದ ಹನ್ನೊಂದು ಮಂದಿಗಾಗಿ ಅಲ್ಲ. ನಮ್ಮ ಕೊನೆಯ ಹಾಡಿನಲ್ಲಿ ಒಂದು ಜಾಗವಿದೆ. ಅಲ್ಲಿ ಎಲ್ಲ ವಾದ್ಯಗಳೂ ನಿಂತುಬಿಡುತ್ತವೆ. ಹದಿನಾರು ಎಣಿಸುವಷ್ಟು ಹೊತ್ತು ಭಾವನ ಕ್ಲಾರಿನೆಟ್ ಒಂದೇ. ಕೆಳಗಿನಿಂದ ಮೆಲ್ಲಗೆ ಏರುತ್ತಾ ಹೋಗಿ ತುದಿಯ ಸ್ವರದಲ್ಲಿ ನಿಲ್ಲುತ್ತದೆ. ಆಗ ಪಾರ್ಕಿನಲ್ಲಿ ಮಾತಾಡುತ್ತಿದ್ದವರೂ ಬಾಯಿ ಮುಚ್ಚುತ್ತಾರೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಇನ್ನೂ ನನ್ನ ತೋಳಿನ ಕೂದಲು ನಿಲ್ಲುತ್ತದೆ.

ಹೋದ ವರ್ಷ ಒಂದು ದಿನ ಅಭ್ಯಾಸ ಮುಗಿದ ಮೇಲೆ ಭಾವ ನನ್ನನ್ನು ಪಕ್ಕಕ್ಕೆ ಕರೆದರು.

"ಗುಡುಗಪ್ಪ, ಆ ಒಂಟಿ ಜಾಗದಲ್ಲಿ ನೀನೂ ಸ್ವಲ್ಪ ಡ್ರಮ್ ಸೇರಿಸು. ಸಣ್ಣಗೆ ಶುರು ಮಾಡು. ತುದೀಲಿ ಜೋರಾಗಿ."

ಗುಡುಗಪ್ಪ ಅಂದರೆ ನಾನೇ. ಕೆಲಸಕ್ಕೆ ತಕ್ಕ ಹೆಸರು. ಅಷ್ಟು ವರ್ಷ ಸುಮ್ಮನೆ ಕೋಲು ಹಿಡಿದು ಕೂರುತ್ತಿದ್ದವನಿಗೆ ಈಗ ಅವಕಾಶ! ಹಿಗ್ಗಿ ಹೀರೇಕಾಯಿಯಾದೆ. ಮುಂದಿನ ವಾರ ಭಾವ "ಇನ್ನೂ ಸ್ವಲ್ಪ ಜೋರಾಗಿ ಬಡಿ" ಅಂದರು. ಬಡಿದೆ. ಅದರ ಮುಂದಿನ ವಾರ "ಇನ್ನೂ" ಅಂದರು. ಬಡಿದೆ. ಯಾಕೆ ಅಂತ ಕೇಳಬೇಕು ಅಂತ ಈ ದಡ್ಡನಿಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ನನ್ನ ಗುಡುಗನ್ನೂ ಸೀಳಿಕೊಂಡು ಒಂದು ಸದ್ದು ಬಂತು. ಬಾತುಕೋಳಿಯ ಬಾಲ ತುಳಿದ ಹಾಗೆ. ಭಾವನ ತುದಿಯ ಸ್ವರ ಮುರಿದುಬಿದ್ದಿತ್ತು. ಬೆಂಚಿನ ಮೇಲಿದ್ದ ಯಾರೋ ನಕ್ಕರು. ಭಾವ ಕ್ಲಾರಿನೆಟ್ ಇಳಿಸಿ, ಮೇಲ್ದುಟಿಯನ್ನು ಕೈಯಲ್ಲಿ ಮುಚ್ಚಿಕೊಂಡು, ಹಾಡು ಮುಗಿಯುವವರೆಗೆ ನೆಲ ನೋಡುತ್ತಾ ಕೂತರು.

ಮನೆಗೆ ಬಂದ ಮೇಲೆ ಅಕ್ಕ ಕ್ಲಾರಿನೆಟ್ಟಿನ ಪೆಟ್ಟಿಗೆ ತೆಗೆದಳು. ಊದುವ ಮೂತಿಯನ್ನು ಬೆಳಕಿಗೆ ಹಿಡಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಕ್ಲಾರಿನೆಟ್ ನುಡಿಸುವವರು ಅದರ ಮೂತಿಯ ಮೇಲೆ ಮೇಲಿನ ಮುಂದಿನ ಹಲ್ಲನ್ನು ಊರುತ್ತಾರೆ. ಹಲ್ಲು ಜಾರದಿರಲಿ ಅಂತ ಅಲ್ಲಿ ಉಗುರಿನಗಲದ ಒಂದು ತೆಳು ರಬ್ಬರ್ ಅಂಟಿಸಿಕೊಳ್ಳುವುದುಂಟು. ಭಾವನ ಮೂತಿಯ ಮೇಲೆ ಇದ್ದದ್ದು ಒಂದಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಮೂರು ಪದರ ಅಂಟಿಸಿದ್ದರು.

"ಇದೇನ್ರೀ, ಪಂಕ್ಚರ್ ಅಂಗಡಿ ಇಟ್ಟಿದ್ದೀರಾ?" ಅಂದಳು ಅಕ್ಕ.

ಭಾವ ಮೂತಿಗೆ ಕೈ ಚಾಚಿದರು.

"ತುಟಿ ಎತ್ತಿ."

"ಏನೂ ಇಲ್ಲ ಕಣೇ."

"ಎತ್ತಿ ಅಂದೆ."

ಎತ್ತಿದರು. ಮುಂದಿನ ಹಲ್ಲಿನ ಮೇಲೆ ವಸಡಿನಲ್ಲಿ ಒಂದು ಗುಳ್ಳೆ. ಸಾಸಿವೆಗಿಂತ ಚೂರು ದೊಡ್ಡದು, ತಲೆಯಲ್ಲಿ ಬಿಳಿ ಚುಕ್ಕೆ. ಆರು ತಿಂಗಳಿಂದ ಇತ್ತಂತೆ. ಊದುತ್ತಿತ್ತು, ಒಡೆಯುತ್ತಿತ್ತು, ಬಾಯಿ ಉಪ್ಪುಪ್ಪಾಗುತ್ತಿತ್ತು, ನೋವು ಇಳಿಯುತ್ತಿತ್ತು. ನೋವು ಇಳಿಯಿತಲ್ಲ ಅಂತ ಭಾವ ಸುಮ್ಮನಾಗುತ್ತಿದ್ದರು. ಹಲ್ಲು ಊರಿದರೆ ಮಾತ್ರ ತಲೆಗೆ ಹೊಡೆಯುತ್ತಿತ್ತಂತೆ. ಅದಕ್ಕೆ ಒಂದು ಪದರ ರಬ್ಬರ್, ಆಮೇಲೆ ಎರಡು, ಆಮೇಲೆ ಮೂರು. ಪದರ ಹೆಚ್ಚಿದಷ್ಟೂ ಬಾಯಿ ಅಗಲವಾಗಿ ಸ್ವರ ಜಾರತೊಡಗಿತು. ಜಾರಿದ ಸ್ವರ ಯಾರಿಗೂ ಕೇಳದಿರಲಿ ಅಂತ ನನ್ನ ಡ್ರಮ್ಮು.

"ಆ ಹಲ್ಲಿಗೆ ಹತ್ತು ವರ್ಷದ ಹಿಂದೆನೇ ರೂಟ್ ಕೆನಾಲ್ ಆಗಿದೆ," ಅಂದರು ಭಾವ. "ಅದರಲ್ಲಿ ನರಾನೇ ಇಲ್ಲ. ಸತ್ತ ಹಲ್ಲು ಎಲ್ಲಾದರೂ ನೋಯುತ್ತಾ? ಇದು ಬರೀ ಉಷ್ಣ."

ಆಗ ನಾನು ಬಾಯಿ ಹಾಕಿದೆ. "ಸತ್ತ ಹಲ್ಲು ಅಂದ ಮೇಲೆ ಮನೇಲಿ ಯಾಕೆ ಇಟ್ಕೋಬೇಕು? ಕಿತ್ತು ಬಿಸಾಕಿ ಭಾವ! ಐದು ನಿಮಿಷದ ಕೆಲಸ. ಕಟ್ಟಿಸಿದ ಹಲ್ಲು ಇನ್ನೂ ಬೆಳ್ಳಗಿರುತ್ತೆ."

"ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋನು ನೀನೇ ಕಣೋ," ಅಂದಳು ಅಕ್ಕ.

ಭಾವ ಮಾತ್ರ ನನ್ನ ಮಾತಿಗೆ ನಗಲಿಲ್ಲ. ಮೂತಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದರು: "ನಾನೂ ಅದನ್ನೇ ಯೋಚನೆ ಮಾಡ್ತಾ ಇದ್ದೀನಿ. ಆದರೆ ಗುಡುಗಪ್ಪ, ಮೂವತ್ತು ವರ್ಷದಿಂದ ಈ ಕೊಳವೆ ಕೂತಿರೋದು ಈ ಹಲ್ಲಿನ ಮೇಲೆ. ಇದು ಹೋದರೆ ಬಾಯಿನೇ ಬೇರೆ ಆಗುತ್ತೆ. ಐವತ್ತೊಂದರಲ್ಲಿ ಮತ್ತೆ ಮೊದಲ ದಿನದ ಹುಡುಗನ ಥರ ಪೀಂ ಪೀಂ ಅಂತ ಕಲೀಬೇಕು. ಕಲಿತರೂ ಆ ಸ್ವರ ಮತ್ತೆ ಬರುತ್ತೋ ಇಲ್ವೋ."

ಹಲ್ಲು ಬರೀ ಹಲ್ಲಲ್ಲ ಅಂತ ನನಗೆ ಮೊದಲ ಸಲ ಅರ್ಥವಾಯಿತು.

ನಮ್ಮ ಅಕ್ಕ ಹದಿನಾಲ್ಕು ವರ್ಷದಿಂದ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಉಪಕರಣಗಳನ್ನು ತೊಳೆದು, ಬಿಸಿ ಹಬೆಯಲ್ಲಿ ಬೇಯಿಸಿ, ಡಾಕ್ಟರ ಕೈಗೆ ಅಣಿ ಮಾಡಿ ಕೊಡುವವಳು. ಅಂಥವಳನ್ನು ಪಕ್ಕದಲ್ಲೇ ಇಟ್ಟುಕೊಂಡು ಭಾವ ಆರು ತಿಂಗಳು ಸೈಕಲ್ ಟ್ಯೂಬ್ ಕತ್ತರಿಸುತ್ತಾ ಕೂತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

"ಕೀಳಿಸೋದೂ ಬೇಡ, ಮುಚ್ಚಿಡೋದೂ ಬೇಡ," ಅಂದಳು ಅಕ್ಕ. "ಹಳೇ ರೂಟ್ ಕೆನಾಲನ್ನ ಬಿಚ್ಚಿ, ಒಳಗೆ ತುಂಬಿರೋದನ್ನ ತೆಗೆದು, ತೊಳೆದು, ಮತ್ತೆ ಹೊಸದಾಗಿ ತುಂಬಬಹುದು. ನಮ್ಮ ಡಾಕ್ಟರಮ್ಮ ವಾರಕ್ಕೆ ಮೂರು ನಾಲ್ಕು ಮಾಡ್ತಾರೆ."

"ಅಲ್ವೇ, ಹಲ್ಲಿನ ಒಳಗಿನ ದಾರಿ ಸೂಜಿಯಷ್ಟು ಸಣ್ಣದು. ಅದರೊಳಗೆ ಹತ್ತು ವರ್ಷದ ಹಿಂದೆ ತುರುಕಿದ್ದನ್ನ ಯಾರು ತೆಗೀತಾರೆ? ಹಲ್ಲೇ ಸೀಳಿಹೋಗುತ್ತೆ," ಅಂದರು ಭಾವ.

"ಕ್ಲಾರಿನೆಟ್ ನುಡಿಸಿದ ಮೇಲೆ ದಿನಾ ಅದರೊಳಗೆ ಬಟ್ಟೆ ಹಾಕಿ ಎಳೀತೀರಲ್ಲ, ಯಾಕೆ?"

"ಒಳಗೆ ತೇವ ಉಳಿದರೆ ಮರ ಹಾಳಾಗುತ್ತೆ."

"ಮುಕ್ಕಾಲು ಭಾಗ ಒರೆಸಿ ಬಿಟ್ಟುಬಿಡ್ತೀರಾ?"

"ಛೆ! ಅದು ಹೇಗೆ ಆಗುತ್ತೆ?"

"ನಿಮ್ಮ ಹಲ್ಲಲ್ಲೂ ಹಾಗೇ ಕೊಳೆ ಉಳಿದಿದೆಯೋ ಏನೋ, ನೋಡಿಸಬೇಕು ತಾನೆ?"

ಭಾವ ಪೆಟ್ಟಿಗೆ ಮುಚ್ಚಿದರು. "ನಾಳೆ ಹೋಗೋಣ," ಅಂದರು. ಧೈರ್ಯಕ್ಕೆ ನನ್ನನ್ನೂ ಕರೆದರು. ಡ್ರಮ್ ಬಡಿಯುವವನಿಗೆ ಧೈರ್ಯ ಜಾಸ್ತಿ ಅಂತ ಜನ ತಿಳಿದಿದ್ದಾರೆ. ಸೂಜಿ ಕಂಡರೆ ನನಗೆ ಕಾಲು ನಡುಗುತ್ತದೆ ಅಂತ ನಾನೂ ಯಾರಿಗೂ ಹೇಳಿಲ್ಲ.

ಡಾಕ್ಟರಮ್ಮ ನೋಡಲು ಪುಟ್ಟ ಆಳು, ಮೆಲುಮಾತು. ಹಲ್ಲಿನ ಬೇರಿನ ಚಿಕಿತ್ಸೆಯನ್ನೇ ವಿಶೇಷವಾಗಿ ಓದಿದವರು. ಎಕ್ಸ್-ರೇ ತೆಗೆದು ನಮ್ಮ ಮೂವರನ್ನೂ ಪರದೆಯ ಮುಂದೆ ನಿಲ್ಲಿಸಿದರು.

"ಈ ಬಿಳಿ ಗೆರೆ ಇದೆಯಲ್ಲ, ಇದು ಹಳೇ ಫಿಲ್ಲಿಂಗ್. ಮರದ ಹಾಲಿನಿಂದ ಮಾಡಿದ ರಬ್ಬರಿನಂಥ ವಸ್ತು. ಗೆರೆ ಎಲ್ಲಿ ನಿಂತಿದೆ ನೋಡಿ. ಬೇರಿನ ತುದಿ ಇನ್ನೂ ಮೂರು ಮಿಲಿಮೀಟರ್ ಮೇಲಿದೆ. ಅಷ್ಟು ಜಾಗ ಖಾಲಿ. ಖಾಲಿ ಅಂದರೆ ಖಾಲಿ ಅಲ್ಲ, ಕ್ರಿಮಿಗಳ ಮನೆ. ತುದಿಯ ಸುತ್ತ ಈ ಕಪ್ಪು ನೆರಳು ಅವು ಮಾಡಿದ ಕೆಲಸ. ಅಲ್ಲಿ ಮೂಳೆ ಕರಗಿದೆ."

"ಹಲ್ಲು ಸತ್ತಿದೆಯಲ್ಲ ಡಾಕ್ಟ್ರೇ?" ಅಂದರು ಭಾವ.

"ಹಲ್ಲಿನ ಒಳಗೆ ನರ ಇಲ್ಲ. ಸುತ್ತಲಿನ ಮೂಳೆಗೆ, ವಸಡಿಗೆ ಜೀವ ಇದೆಯಲ್ಲ? ನೋಯ್ತಾ ಇರೋದು ಅದು. ಗುಳ್ಳೆ ಒಡೆದಾಗ ನೋವು ಇಳಿಯುತ್ತೆ, ರೋಗ ಇಳಿಯಲ್ಲ. ಬೂದಿ ಮುಚ್ಚಿದ ಕೆಂಡ ಇದ್ದ ಹಾಗೆ." ಆಮೇಲೆ ಮೆಲ್ಲಗೆ ಕೇಳಿದರು: "ಆಗ ರೂಟ್ ಕೆನಾಲ್ ಆದ ಮೇಲೆ ಪರ್ಮನೆಂಟ್ ಫಿಲ್ಲಿಂಗ್ ಯಾವಾಗ ಹಾಕಿಸಿದ್ರಿ?"

ಭಾವ ಫ್ಯಾನಿನ ಕಡೆ ನೋಡಿದರು. "ನೋವು ಹೋಗಿತ್ತು... ಒಂದು ಎಂಟು ತಿಂಗಳಾದ ಮೇಲೆ."

"ಎಂಟು ವಾರ ಅಂದಿದ್ರಿ ನನಗೆ!" ಅಂದಳು ಅಕ್ಕ.

"ಬಾಗಿಲು ಸರಿಯಾಗಿ ಮುಚ್ಚದೆ ಬಿಟ್ಟರೆ ಎಂಜಲು ಒಳಗೆ ಇಳಿಯುತ್ತೆ, ಜೊತೆಗೆ ಕ್ರಿಮಿನೂ," ಅಂದರು ಡಾಕ್ಟರಮ್ಮ. "ಆಗ ಚಿಕಿತ್ಸೆ ಮಾಡಿದವರನ್ನ ನಾನು ದೂರಲ್ಲ. ತುದಿಯವರೆಗೆ ಹೋಗೋದು ಸುಲಭದ ಮಾತಲ್ಲ. ನಿಮ್ಮ ಹಲ್ಲಿನ ಬೇರು ಗಟ್ಟಿ ಇದೆ, ಬಿರುಕು ಕಾಣ್ತಿಲ್ಲ. ಹಾಗಾಗಿ ಉಳಿಸೋ ಅವಕಾಶ ಚೆನ್ನಾಗಿದೆ. ನೂರಕ್ಕೆ ನೂರು ಅಂತ ಮಾತ್ರ ಯಾರೂ ಮಾತು ಕೊಡೋಕಾಗಲ್ಲ, ನಾನೂ ಕೊಡಲ್ಲ. ಒಳಗೆ ಹೋದ ಮೇಲೆ ಬಿರುಕು ಕಂಡರೆ ಮುಚ್ಚಿಡದೆ ಹೇಳ್ತೀನಿ."

ಆ ಮಾತಿನಿಂದಲೇ ಭಾವನಿಗೆ ನಂಬಿಕೆ ಬಂತು ಅಂತ ಕಾಣುತ್ತದೆ. ಕುರ್ಚಿಯಲ್ಲಿ ಹೋಗಿ ಒರಗಿದರು.

ನನಗೂ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಬಾಗಿಲ ಬಳಿ ನಿಲ್ಲಲು ಬಿಟ್ಟರು. ವಸಡು ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಭಾವನ ಬಾಯಿಗೆ ನೀಲಿ ರಬ್ಬರ್ ಹಾಳೆ ಹೊದಿಸಿದ್ದರು. ಅದರ ತೂತಿನಲ್ಲಿ ಆ ಒಂದು ಹಲ್ಲು ಮಾತ್ರ ಇಣುಕುತ್ತಿತ್ತು. ಎಂಜಲು ಒಳಗೆ ಹೋಗಬಾರದು, ಉಪಕರಣ, ಔಷಧಿ ಗಂಟಲಿಗೆ ಇಳಿಯಬಾರದು, ಅದಕ್ಕೆ ಈ ಹಾಳೆ ಅಂತ ಅಕ್ಕ ಪಿಸುಗುಟ್ಟಿದಳು.

ಹಲ್ಲಿನ ಹಿಂಬದಿಯಲ್ಲಿ ಒಂದು ಪುಟ್ಟ ಕಿಂಡಿ ತೆರೆದರು. ಆಮೇಲೆ ಡಾಕ್ಟರಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಅವರಿಗೆ ಕಾಣುತ್ತಿದ್ದದ್ದು ಗೋಡೆಯ ಪರದೆಯ ಮೇಲೂ ಬಂತು.

ಅಯ್ಯೋ, ಅದನ್ನು ಹೇಗೆ ಹೇಳಲಿ! ನಾನು ದಿನಾ ನೋಡುವ ಭಾವನ ಹಲ್ಲು. ಅದರೊಳಗೆ ಒಂದು ಬಾವಿ. ಗೋಡೆಗಳು ಹಳದಿ ಬೆಳಕಿನಲ್ಲಿ ಹೊಳೆಯುತ್ತಿವೆ, ಆಳದಲ್ಲಿ ಗುಲಾಬಿ ಬಣ್ಣದ ಏನೋ ಜಡಿದು ಕೂತಿದೆ. ಇಡೀ ಹಲ್ಲು, ತಲೆಯಿಂದ ಬೇರಿನ ತುದಿಯವರೆಗೆ, ಇಪ್ಪತ್ತೆರಡೇ ಮಿಲಿಮೀಟರ್ ಅಂತೆ. ಕಿರುಬೆರಳಿನ ಗೆಣ್ಣಿನಷ್ಟು. ಅಷ್ಟರೊಳಗೆ ಇಷ್ಟು ಆಳವಾದ ಲೋಕ ಇದೆ ಅಂತ ಯಾರಾದರೂ ಮೊದಲು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಡಾಕ್ಟರಮ್ಮ ಒಂದು ಸಣ್ಣ ಮೊನೆಯನ್ನು ಬಿಸಿ ಮಾಡಿ ಆ ಗುಲಾಬಿಗೆ ಮುಟ್ಟಿಸಿದರು. ಅದು ಮೆತ್ತಗಾಯಿತು. ಒಂದೇ ಒಂದು ಹನಿ ಔಷಧಿ ಬಿಟ್ಟು ಕಾದರು. ಆಮೇಲೆ ಅಕ್ಕ ಒಂದಾದ ಮೇಲೊಂದು ತೆಳು ಅರಗಳನ್ನು ಕೊಡುತ್ತಾ ಹೋದಳು. ಅರ ಅಂದರೆ ಬಡಗಿಯ ಅರ ಅಲ್ಲ, ಸೂಜಿಗಿಂತ ಸಣ್ಣದು, ಬಾಗುವಂಥದ್ದು. ಅದನ್ನು ಇಳಿಸಿ, ಬೆರಳ ತುದಿಯಲ್ಲಿ ಕಾಲು ಸುತ್ತು ತಿರುಗಿಸಿ, ಹೊರಗೆ ಎಳೆದರು. ಅದರ ಸುರುಳಿಗೆ ಗುಲಾಬಿ ಎಳೆ ಸುತ್ತಿಕೊಂಡು ಬಂತು. ಒರೆಸಿದರು, ಮತ್ತೆ ಇಳಿಸಿದರು. ಮತ್ತೊಂದು ಎಳೆ. ತೊಳೆದರು. ಮತ್ತೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರಬೇಕು ಅಂದಿದ್ದ ನಾನು ಮಾಸ್ಕಿನ ಹಿಂದೆ ಬಾಯಿ ತೆರೆದುಕೊಂಡು ನಿಂತಿದ್ದೆ. ನನ್ನ ಕೈ ಏನಿದ್ದರೂ ಬಡಿಯುವ ಕೈ. ಒಂದು ಕೈ ಇಷ್ಟು ಹಗುರವಾಗಿ ಇರಬಹುದು ಅಂತ ನಾನು ಕಂಡಿರಲೇ ಇಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಅಕ್ಕ "ಹಳೇದು ಬಂತು" ಅಂದಳು. ನಾನು ಉಸಿರು ಬಿಟ್ಟೆ. ಡಾಕ್ಟರಮ್ಮ ಬಿಡಲಿಲ್ಲ. ಮತ್ತೆ ಎಕ್ಸ್-ರೇ ತೆಗೆದರು. ಪರದೆಯ ಮೇಲೆ ಗೋಡೆಗೆ ಅಂಟಿದ ಒಂದು ಬಿಳಿ ಚುಕ್ಕೆ. ಧೂಳಿನಷ್ಟು. ನಾನಾಗಿದ್ದರೆ ಯಾರು ನೋಡುತ್ತಾರೆ ಅಂತ ಬಿಟ್ಟುಬಿಡುತ್ತಿದ್ದೆ.

"ಇದರ ಹಿಂದೆ ಕ್ರಿಮಿ ಕೂತಿದ್ದರೆ ನಾವು ಪಟ್ಟ ಶ್ರಮ ಎಲ್ಲಾ ನೀರಲ್ಲಿ ಹೋಮ," ಅಂದರು. ಆ ಒಂದು ಚುಕ್ಕೆಗೆ ಇನ್ನೂ ಇಪ್ಪತ್ತು ನಿಮಿಷ. ಸಣ್ಣಗೆ ಕಂಪಿಸುವ ಒಂದು ಮೊನೆಯಿಂದ ಅದನ್ನು ಬಿಡಿಸಿದರು. ಅದು ತೇಲಿ ಬಂದಾಗ ಪರದೆಯ ಮುಂದೆ ನಾನು ಕೈ ಮುಗಿದುಬಿಟ್ಟಿದ್ದೆ. ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ.

ಇನ್ನು ಉಳಿದದ್ದು ಆ ಮೂರು ಮಿಲಿಮೀಟರ್. ಹತ್ತು ವರ್ಷದಿಂದ ಯಾರೂ ಹೋಗದ ದಾರಿ. ಅರಕ್ಕೆ ಆಳ ಅಳೆಯುವ ಒಂದು ಪುಟ್ಟ ಯಂತ್ರದ ತಂತಿ ಸಿಕ್ಕಿಸಿದರು. ಒಳಗೆ ಇಳಿದಂತೆಲ್ಲಾ ಅದು ಟಿಕ್... ಟಿಕ್... ಅಂದಿತು. ಇನ್ನೂ ಇಳಿದಾಗ ಟಿಕ್ ಟಿಕ್ ಟಿಕ್ ಅಂತ ಹತ್ತಿರ ಹತ್ತಿರ ಬಂತು. ಭಾವನ ಕೈ ಎದ್ದಿತು. ನೋವಾದರೆ ಕೈ ಎತ್ತಿ ಅಂತ ಹೇಳಿದ್ದರು. ಡಾಕ್ಟರಮ್ಮ ತಕ್ಷಣ ನಿಲ್ಲಿಸಿದರು.

"ನೋವಾಗ್ತಿದೆಯಾ?"

ಭಾವ ಇಲ್ಲ ಅಂತ ಕಣ್ಣು ಮಿಟುಕಿಸಿದರು. ಬೆರಳುಗಳು ಗಾಳಿಯಲ್ಲಿ ಕ್ಲಾರಿನೆಟ್ಟಿನ ರಂಧ್ರಗಳನ್ನು ಮುಚ್ಚುತ್ತಿದ್ದವು. ಆ ಯಂತ್ರದ ಸ್ವರ ಯಾವುದು ಅಂತ ಹಿಡಿಯುತ್ತಿದ್ದರು ಪುಣ್ಯಾತ್ಮ! ಮೂವರೂ ನಕ್ಕೆವು.

ಆಮೇಲೆ ಯಾರೂ ನಗಲಿಲ್ಲ. ಡಾಕ್ಟರಮ್ಮ ಉಸಿರು ಹಿಡಿದರು. ತುದಿಯ ಸ್ವರಕ್ಕೆ ಏರುವ ಮೊದಲು ಭಾವ ಹಿಡಿಯುವುದು ಹೀಗೇ, ಹೆಗಲು ಒಂದು ಚೂರು ಇಳಿಸಿ. ಟಿಕ್ ಟಿಕ್ ಒಂದಕ್ಕೊಂದು ಕೂಡಿಕೊಂಡು ಒಂದೇ ಉದ್ದ ಸ್ವರವಾಯಿತು. ಅಲ್ಲಿಗೆ ನಿಂತರು. ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.

"ಇದೇ ತುದಿ," ಅಂದರು.

ಭಾವನ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ನೋವಿನ ನೀರಲ್ಲ ಅದು, ನನಗೆ ಗೊತ್ತು. ಯಾಕೆಂದರೆ ನನ್ನ ಮಾಸ್ಕೂ ಒದ್ದೆಯಾಗಿತ್ತು.

ಕ್ರಿಮಿ ಸಾಯುವ ದ್ರವದಲ್ಲಿ ಮತ್ತೆ ಮತ್ತೆ ತೊಳೆದು, ಒಳಗೆ ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ, ಎರಡು ವಾರ ಬಿಟ್ಟು ಬನ್ನಿ ಅಂದರು. ಏಳುವಾಗ ಬಿಳಿ ಬಟ್ಟೆಯ ಮೇಲಿದ್ದ ಹಳೇ ಫಿಲ್ಲಿಂಗ್ ತೋರಿಸಿದರು. ನಾಲ್ಕಾರು ಗುಲಾಬಿ ಎಳೆ. ಎಲ್ಲಾ ಸೇರಿಸಿದರೂ ಒಂದು ಅಕ್ಕಿಕಾಳಾಗುವುದಿಲ್ಲ. ಒಂದು ಕಡೆ ಕಪ್ಪಗಾಗಿತ್ತು, ಕೆಟ್ಟ ವಾಸನೆ.

"ಇಷ್ಟೇನಾ?" ಅಂದರು ಭಾವ, ಮರಗಟ್ಟಿದ ತುಟಿಯಲ್ಲಿ. "ಆರು ತಿಂಗಳು ನನ್ನ ಬಾಯಿ ಮುಚ್ಚಿಸಿದ್ದು ಇಷ್ಟೇನಾ?"

ಎರಡು ವಾರವಾಗುವಷ್ಟರಲ್ಲಿ ಗುಳ್ಳೆ ಬತ್ತಿಹೋಗಿತ್ತು. ಡಾಕ್ಟರಮ್ಮ ತುದಿಯವರೆಗೂ ಹೊಸದಾಗಿ ತುಂಬಿದರು. ಈ ಸಲ ಪರ್ಮನೆಂಟ್ ಫಿಲ್ಲಿಂಗ್ ಎಂಟು ತಿಂಗಳಿಗೆ ಹೋಗಲಿಲ್ಲ. ಅದೇ ದಿನ ಹಾಕಿಸಿಕೊಂಡೇ ಭಾವ ಕುರ್ಚಿಯಿಂದ ಎದ್ದದ್ದು. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು ಅನ್ನುವುದು ಬೇರೆ ಮಾತು. ಡಾಕ್ಟರಮ್ಮ ಹೇಳುವವರೆಗೆ ಕ್ಲಾರಿನೆಟ್ ಮುಟ್ಟಲಿಲ್ಲ. ಮುಟ್ಟಿದ ಮೇಲೂ ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ. ಆರು ತಿಂಗಳಿಗೆ ಮತ್ತೆ ಎಕ್ಸ್-ರೇ. ಬೇರಿನ ತುದಿಯ ಕಪ್ಪು ನೆರಳು ಅರ್ಧಕ್ಕಿಂತ ಕಮ್ಮಿಯಾಗಿತ್ತು. ಕರಗಿದ್ದ ಮೂಳೆ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತಿದೆ ಅಂದರು ಡಾಕ್ಟರಮ್ಮ. ಕೊಳೆ ತೆಗೆದು ದಾರಿ ಬಿಟ್ಟರೆ ಸಾಕು, ಮೈ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ! ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ.

ಆ ಭಾನುವಾರ ಪಾರ್ಕಿನಲ್ಲಿ ಕೊನೆಯ ಹಾಡು ಶುರುವಾಗುವ ಮೊದಲು ಭಾವ ಕ್ಲಾರಿನೆಟ್ಟಿನ ಮೂತಿಯನ್ನು ನನಗೆ ತೋರಿಸಿದರು. ಸೈಕಲ್ ಟ್ಯೂಬ್ ಇರಲಿಲ್ಲ. ಎಲ್ಲರ ಹಾಗೆ ಒಂದು ತೆಳು ರಬ್ಬರ್, ಅಷ್ಟೇ.

"ಗುಡುಗಪ್ಪ, ಇವತ್ತು ಆ ಜಾಗದಲ್ಲಿ ಬಡೀಬೇಡ," ಅಂದರು.

ಆ ಜಾಗ ಬಂತು. ಎಲ್ಲ ವಾದ್ಯಗಳೂ ನಿಂತವು. ನಾನು ಕೋಲುಗಳನ್ನು ತೊಡೆಯ ಮೇಲಿಟ್ಟು ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು. ಕ್ಲಾರಿನೆಟ್ ಕೆಳಗಿನಿಂದ ಏರಿತು. ಹನ್ನೆರಡು, ಹದಿಮೂರು. ಎದುರು ಬೆಂಚಿನಲ್ಲಿ ಅಕ್ಕ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು. ಹದಿನೈದು. ತುದಿಯ ಸ್ವರ ಬಂದು ನಿಂತಿತು. ಮುರಿಯಲಿಲ್ಲ, ನಡುಗಲಿಲ್ಲ. ಹದಿನಾರು ಮುಗಿದರೂ ಭಾವ ಬಿಡಲಿಲ್ಲ. ಹದಿನೇಳು, ಹದಿನೆಂಟು. ನಾನು ಕೋಲು ಎತ್ತಿಕೊಳ್ಳುವುದನ್ನೇ ಮರೆತೆ. ಇಡೀ ಬ್ಯಾಂಡಿನ ತಾಳ ತಪ್ಪಿತು. ಭಾವ ಬೈಯಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಸರದಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆದರೆ ವಸಡಿನ ಹುಣ್ಣಿಗೆ ಬೇಕೇ ಬೇಕು. ಇವತ್ತೇ ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ನೋಡಿ. ರೂಟ್ ಕೆನಾಲ್ ಆದ ಹಲ್ಲಿನ ಬಳಿ ಗುಳ್ಳೆ, ಊತ, ಕೀವು ಇದ್ದರೆ, ಕಚ್ಚಿದರೆ ನೋವಾದರೆ, ಸತ್ತ ಹಲ್ಲು ಅಂತ ಉದಾಸೀನ ಮಾಡಬೇಡಿ. ಗುಳ್ಳೆಯನ್ನು ಹಿಸುಕಬೇಡಿ. ಮುಖ ಊದಿ ಜ್ವರ ಬಂದರಂತೂ ಒಂದು ದಿನವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕೀಳಿಸುವ ಮೊದಲು ಡಾಕ್ಟರನ್ನು ಒಂದೇ ಒಂದು ಮಾತು ಕೇಳಿ: "ಹಳೇದನ್ನ ತೆಗೆದು ಮತ್ತೆ ರೂಟ್ ಕೆನಾಲ್ ಮಾಡಿ ಈ ಹಲ್ಲು ಉಳಿಸೋಕೆ ಆಗುತ್ತಾ?" ಎಲ್ಲ ಹಲ್ಲೂ ಉಳಿಯುತ್ತದೆ ಅಂತಲ್ಲ, ಆದರೆ ಕೇಳದೆ ಕಳೆದುಕೊಳ್ಳಬೇಡಿ. ಹಾಗೇ, ರೂಟ್ ಕೆನಾಲ್ ಆದವರು ನೋವು ಹೋಯಿತು ಅಂತ ಮನೆಯಲ್ಲಿ ಕೂರದೆ ಡಾಕ್ಟರು ಹೇಳಿದ ದಿನವೇ ಪರ್ಮನೆಂಟ್ ಫಿಲ್ಲಿಂಗ್ ಇಲ್ಲವೇ ಕ್ಯಾಪ್ ಹಾಕಿಸಿಕೊಳ್ಳಿ.

ಮತ್ತೆ, ನಿಮ್ಮ ಮನೆಯಲ್ಲಿ ಯಾರಾದರೂ ನೋವನ್ನು ಮುಚ್ಚಿಡಲು "ಇನ್ನೂ ಸ್ವಲ್ಪ ಜೋರಾಗಿ ಬಡಿ" ಅಂದರೆ, ನನ್ನ ಹಾಗೆ ಹಿಗ್ಗಬೇಡಿ. ಕೋಲು ಕೆಳಗಿಟ್ಟು, ಯಾಕೆ ಅಂತ ಕೇಳಿ.